ಬೇವಿನ ಕಟ್ಟೆಯಲ್ಲಿ ಸಿಗದ ಪಾಸ್‌ವರ್ಡ್

ನಮ್ಮ ಊರಿನಲ್ಲಿ ಬೆಳಕು ಹರಿದರೆ ಸಾಕು, ಬೇವಿನ ಕಟ್ಟೆಯ ಮೇಲೆ ಯಾರಾದರೊಬ್ಬರು ನಿಂತು ಕೂಗಿ ಹೇಳುವುದು ಇದ್ದದ್ದೇ. ಯಾರೋ ಮೆಂತ್ಯದ ಡಬ್ಬಿ ಎಲ್ಲಿಟ್ಟರೆಂಬುದು ನನ್ನ ನೆನಪಿಗೆ ಬಂದಿದೆ, ಯಾರದು ನೋಡಿಕೊಳ್ಳಿ ಎಂದು ಒಬ್ಬರು. ಯಾರದೋ ಸೋದರಮಾವನ ಮಗಳ ಹೆಸರು ನನ್ನ ತಲೆಯಲ್ಲಿ ಕೂತು ನಿದ್ದೆಗೆಡಿಸಿದೆ, ಬೇಗ ಬಂದು ಒಯ್ಯಿರಿ ಎಂದು ಇನ್ನೊಬ್ಬರು. ಕೂಗು ಕೇಳಿದ್ದೇ ಯಾವುದೋ ಮನೆಯಿಂದ ಒಬ್ಬಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬರುತ್ತಾಳೆ. ತಂದವರ ಅಂಗೈಗೆ ಚಿಟಿಕೆ ಸಕ್ಕರೆ ಹಾಕುತ್ತಾಳೆ, ಅವರು ಅವಳ ಕಿವಿಯಲ್ಲಿ ಹೇಳುತ್ತಾರೆ, ಅಲ್ಲಿಗೆ ಮರೆತದ್ದು ಮರಳಿ ಅವಳದಾಯಿತು. ಹೇಳಿದವರ ತಲೆಯಿಂದ ಅದು ಅಷ್ಟೇ ಚೊಕ್ಕಟವಾಗಿ ಹೊರಟುಹೋಗುತ್ತದೆ. ತಾವು ಏನನ್ನೋ ತಂದುಕೊಟ್ಟೆವು ಎಂಬುದಷ್ಟೇ ಗೊತ್ತಿರುತ್ತದೆ, ಏನು ಎಂಬುದು ಗೊತ್ತಿರುವುದಿಲ್ಲ. ಸಕ್ಕರೆ ಚಪ್ಪರಿಸುತ್ತ ಮನೆಗೆ ಹೋಗುತ್ತಾರೆ.

ಹೊರಗಿನಿಂದ ಬಂದವರಿಗೆ ಇದು ವಿಚಿತ್ರವೆನಿಸುತ್ತದೆಯಂತೆ. ಹಾಗಾದರೆ ನಿಮ್ಮ ಊರಿನಲ್ಲಿ ಮರೆತದ್ದು ಎಲ್ಲಿಗೆ ಹೋಗುತ್ತದೆ ಎಂದು ನಾವು ಕೇಳಿದರೆ ಅವರೂ ಬಾಯಿ ಬಿಡುವುದಿಲ್ಲ. ನಮಗಂತೂ ಒಬ್ಬರು ಮರೆತದ್ದು ಇನ್ನೊಬ್ಬರಿಗೆ ನೆನಪಾಗುವುದು ಮಳೆ ಬಿಸಿಲಿನಷ್ಟೇ ಸಹಜ. ಬಂದದ್ದು ಏನು ಎಂಬುದು ತಿಳಿಯುತ್ತದೆ, ಯಾರದು ಎಂಬುದು ಮಾತ್ರ ತಿಳಿಯುವುದಿಲ್ಲ, ಅದಕ್ಕೇ ಕಟ್ಟೆ. ಒಂದು ತೊಡಕೂ ಇದೆ. ಬಂದದ್ದು ನಮಗೆ ಮೊದಲೇ ಗೊತ್ತಿದ್ದದ್ದೇ ಆಗಿದ್ದರೆ ಎರಡೂ ಕೂಡಿಕೊಂಡುಬಿಡುತ್ತವೆ, ಕೊಡುವಾಗ ಎರಡೂ ಹೋಗುತ್ತವೆ. ಹಿಂದಿನ ಓಣಿಯ ಸೊಸೆಯೊಬ್ಬಳು ಅತ್ತೆ ಮರೆತ ತೊಟ್ಟಿಲ ಹಾಡನ್ನು ಅತ್ತೆಗೆ ಮರಳಿಸಿ, ತಾನೇ ಎರಡು ಕೂಸುಗಳಿಗೆ ಹಾಡಿದ್ದ ಆ ಹಾಡನ್ನು ಪೂರ್ತಿ ಕಳೆದುಕೊಂಡಳು. ಆಮೇಲೆ ಅತ್ತೆ ಅವಳನ್ನು ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಕಲಿಸಿದಳು. ಯಾರ ಹತ್ತಿರ ನಮ್ಮದೇನಿದೆಯೋ ಗೊತ್ತಿಲ್ಲದ ಕಾರಣ ನಮ್ಮೂರಲ್ಲಿ ಜಗಳಗಳಿಗೆ ಆಯುಷ್ಯ ಕಡಿಮೆ.

ನನ್ನ ಮತ್ತು ಪಕ್ಕದ ಮನೆಯ ಫಕೀರವ್ವನ ಜಗಳ ಮಾತ್ರ ಹೋದ ವರ್ಷದಿಂದ ಗಟ್ಟಿಯಾಗಿ ಬೇರು ಬಿಟ್ಟಿತ್ತು. ಕಾರಣ ಕೇಳಿದರೆ ನೀವು ನಗುತ್ತೀರಿ. ಒಂದು ದೊಡ್ಡ ಇಡ್ಲಿ ಪಾತ್ರೆ. ಅದು ನನ್ನ ತವರಿನಿಂದ ಬಂದದ್ದೆಂದು ನನಗೆ ನೆನಪು. ಅವಳ ಗಂಡ ಸಂತೆಯಲ್ಲಿ ತಂದದ್ದೆಂದು ಅವಳಿಗೆ ನೆನಪು. ಇಬ್ಬರಲ್ಲಿ ಒಬ್ಬರು ಮರೆತಿದ್ದರೆ ಊರಲ್ಲಿ ಯಾರಿಗಾದರೂ ನಿಜ ಬಂದು ಕೂತಿರುತ್ತಿತ್ತು, ಸಕ್ಕರೆ ಕೊಟ್ಟು ಇಸಿದುಕೊಳ್ಳುತ್ತಿದ್ದೆವು. ಇಬ್ಬರೂ ಮರೆತಿರಲಿಲ್ಲ. ಹಾಗಾಗಿ ತೀರ್ಪು ಹೇಳುವವರೇ ಇಲ್ಲದೆ ಪಾತ್ರೆ ಅಡಿವೆಪ್ಪಜ್ಜನ ಹಿಟ್ಟಿನ ಗಿರಣಿಯ ಮೂಲೆ ಸೇರಿತು, ನಮ್ಮ ಮಾತು ನಿಂತುಹೋಯಿತು. ಇಪ್ಪತ್ತು ವರ್ಷ ನಡುಗೋಡೆಯ ಮೇಲಿಂದ ಸಾರು, ಉಪ್ಪಿನಕಾಯಿ, ಊರ ಸುದ್ದಿ ದಾಟಿಸಿಕೊಂಡಿದ್ದವರು ಈಗ ಬಟ್ಟೆ ಒಣಹಾಕುವಾಗ ಎದುರಾದರೂ ಹಗ್ಗವನ್ನು ನೋಡುತ್ತಿದ್ದೆವು.

ಈ ಮಾತಿಲ್ಲದ ವರ್ಷದಲ್ಲಿ ನನ್ನನ್ನು ಕಾಪಾಡಿದ್ದು ಫೋನು. ನಾನು ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರ, ಲಂಗಗಳ ತುಂಡು ಜೋಡಿಸಿ ಹೊದಿಕೆ ಮಾಡುವುದು ನನ್ನ ಕಸುಬು. ಮೊಬೈಲ್ ಅಂಗಡಿಯ ನಸೀಮಾ ಎರಡು ವರ್ಷದ ಹಿಂದೆಯೇ ನನಗೊಂದು ಖಾತೆ ತೆರೆದುಕೊಟ್ಟಿದ್ದಳು, ಕೌದಿಯ ಫೋಟೋ ಹಾಕು, ನಾಲ್ಕು ಜನ ನೋಡಲಿ ಎಂದು. ನಾಲ್ಕು ಜನ ನೋಡಿದರೋ ಇಲ್ಲವೋ, ಇಂದುಮತಿ ನೋಡಿದಳು. ಸಮುದ್ರದ ದಂಡೆಯ ಯಾವುದೋ ಪಟ್ಟಣದವಳು, ಅವಳೂ ಹೊಲಿಯುವವಳು, ನನ್ನದೇ ವಯಸ್ಸು. ಕೆಂಪಿನ ಪಕ್ಕ ಹಳದಿ ಇಡಬೇಡ, ಕಣ್ಣಿಗೆ ಹೊಡೆಯುತ್ತದೆ ಎಂದು ಅವಳು ಮೊದಲ ಮಾತಿಗೇ ಬರೆದಳು. ಗುರುತಿಲ್ಲದವರಿಗೆ ಇಷ್ಟು ಸಲಿಗೆಯೇ ಎಂದು ಸಿಟ್ಟು ಬಂತು, ಆದರೆ ಬಿಚ್ಚಿ ನೋಡಿದರೆ ಅವಳು ಹೇಳಿದ್ದೇ ಸರಿ ಇತ್ತು. ಅಂದಿನಿಂದ ನಾನೊಂದು ತುಂಡು ಹೊಲಿದರೆ ಅವಳಿಗೆ ತೋರಿಸಬೇಕು, ಅವಳೊಂದು ಅಂಚು ಮಡಿಚಿದರೆ ನನಗೆ ತೋರಿಸಬೇಕು. ಅವಳ ಮುಖ ನಾನು ನೋಡಿಲ್ಲ, ದನಿ ಕೇಳಿಲ್ಲ, ಫೋನ್ ನಂಬರೂ ಕೇಳಿರಲಿಲ್ಲ. ಬೆಳಿಗ್ಗೆ ಎದ್ದಕೂಡಲೇ ಅವಳ ಒಂದು ಸಾಲು ಇರುತ್ತಿತ್ತು, ಅಷ್ಟು ಸಾಕಿತ್ತು.

ಆ ಸೋಮವಾರ ಬೆಳಿಗ್ಗೆ ಬಂದ ಸಾಲು ಉದ್ದವಿತ್ತು. ಬುಧವಾರ ಬೆಳಿಗ್ಗೆ ಹೊಟ್ಟೆಯ ದೊಡ್ಡ ಆಪರೇಷನ್ ಇದೆ, ಇಷ್ಟು ದಿನ ನಿನಗೆ ಹೇಳಲಿಲ್ಲ, ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಎಂದು ಬರೆದಿದ್ದಳು. ಜೊತೆಗೆ ಬರುವುದು ದೂರದ ನೆಂಟರ ಹುಡುಗಿಯಂತೆ, ಅವಳಿಗೂ ಇವಳಿಗೂ ಅಷ್ಟೇನು ಬಳಕೆಯಿಲ್ಲ. ಕೊನೆಗೆ ಹೀಗೆ ಇತ್ತು: “ಒಳಗೆ ಹೋಗುವ ಮೊದಲು ಫೋನ್ ಇಸಿದುಕೊಳ್ಳುತ್ತಾರೆ. ಅದಕ್ಕೂ ಮೊದಲು ನಿನ್ನದೊಂದು ಮಾತು ಓದಿಕೊಂಡು ಹೋಗುತ್ತೇನೆ. ಏನಾದರೂ ಬರೆ, ಕಾಶವ್ವ.”

ನಾನು ಬಾವಿಕಟ್ಟೆಗೆ ಒರಗಿ ನಿಂತು ಓದಿದೆ. ಏನು ಬರೆಯಬೇಕೆಂದು ತೋಚಲಿಲ್ಲ. ಕೊಡ ಎತ್ತಿ ಸೊಂಟಕ್ಕಿಟ್ಟು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಮತ್ತೊಮ್ಮೆ ಓದೋಣವೆಂದು ಬಗ್ಗಿದೆ ನೋಡಿ, ಫೋನು ಜಾರಿ ಬಾವಿಗೆ ಬಿತ್ತು. ಗುಳುಂ ಎಂದ ಸದ್ದಿಗೆ ನನ್ನ ಜೀವವೂ ಅದರ ಹಿಂದೆಯೇ ಇಳಿದಂತಾಯಿತು.

ನಸೀಮಾ ಒಳ್ಳೆಯವಳು. ಕೊಡ ಅಲ್ಲೇ ಬಿಟ್ಟು ಓಡಿಬಂದ ನನ್ನನ್ನು ಅಂಗಡಿಯೊಳಗೆ ಕೂರಿಸಿ, ನೀರು ಕೊಟ್ಟು, ತನ್ನ ಹತ್ತಿರವಿದ್ದ ಹಳೆಯ ಫೋನೊಂದಕ್ಕೆ ತನ್ನದೊಂದು ಸಿಮ್ ಹಾಕಿ, ಒರೆಸಿ ಕೈಗಿಟ್ಟಳು. ಖಾತೆ ಇದರಲ್ಲೂ ತೆರೆಯುತ್ತದೆ, ಪಾಸ್‌ವರ್ಡ್ ಹಾಕಿದರೆ ಮುಗಿಯಿತು ಎಂದಳು. ನಾನು ಬಾಯಿ ತೆರೆದೆ. ಹೇಳಲು ಏನೂ ಇರಲಿಲ್ಲ. ಎರಡು ವರ್ಷದ ಹಿಂದೆ ನಸೀಮಾ ಮುಖ ಆ ಕಡೆ ತಿರುಗಿಸಿಕೊಂಡು ನಿಂತಿದ್ದಾಗ ನಾನೇ ಒಂದೊಂದೇ ಅಕ್ಷರ ಒತ್ತಿದ್ದು ನೆನಪಿತ್ತು, ಒತ್ತಿ ಮುಗಿಸಿ ಬಹಳ ನಕ್ಕದ್ದೂ ನೆನಪಿತ್ತು. ಏನು ಒತ್ತಿದೆ, ಯಾಕೆ ನಕ್ಕೆ ಎಂಬುದು ಇರಲಿಲ್ಲ. ಆಮೇಲೆ ಫೋನು ತಾನೇ ತೆರೆದುಕೊಳ್ಳುತ್ತಿತ್ತು, ಮತ್ತೆಂದೂ ಅದನ್ನು ಬಳಸಿರಲಿಲ್ಲ. ನಮ್ಮೂರಲ್ಲಿ ಮರೆತರೆ ಅರೆಬರೆ ಮರೆಯುವುದಿಲ್ಲ. ನಾಲಿಗೆಯ ತುದಿಯಲ್ಲಿದೆ ಎಂಬ ಮಾತೇ ನಮ್ಮಲ್ಲಿಲ್ಲ.

ಮರೆತವರಿಗೆ ಬೇರೆ ದಾರಿ ಇದೆಯೆಂದು ನಸೀಮಾ ಒತ್ತಿ ನೋಡಿದಳು. ಹೊಸ ಪಾಸ್‌ವರ್ಡ್ ಮಾಡಲು ಒಂದು ಕೋಡ್ ಕಳಿಸುತ್ತೇವೆ ಎಂದಿತು ಫೋನು. ಕಳಿಸಿದ್ದು ಬಾವಿಯ ತಳದಲ್ಲಿದ್ದ ಸಿಮ್ಮಿಗೆ. ಅದೇ ನಂಬರಿನ ಹೊಸ ಸಿಮ್ ಬರಬೇಕೆಂದರೆ ವಾರ ಬೇಕು. ಅವಳು ತನ್ನ ಖಾತೆಯಿಂದಲೇ ಇಂದುಮತಿಗೆ ಬರೆದಳು. ಆದರೆ ಗುರುತಿಲ್ಲದವರ ಮಾತು ಬೇರೊಂದು ಪೆಟ್ಟಿಗೆಗೆ ಹೋಗುತ್ತದಂತೆ, ಇಂದುಮತಿ ಅದನ್ನು ತೆರೆಯುವವಳಲ್ಲ. ನಾನು ಊಹೆ ಮಾಡಿ ನನ್ನ ಹೆಸರು, ನನ್ನ ಎಮ್ಮೆಯ ಹೆಸರು, ಕುಲದೇವರ ಹೆಸರು ಎಲ್ಲ ಹಾಕಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದು ಫೋನು ಬಾಗಿಲು ಹಾಕಿಕೊಂಡಿತು.

“ಯಾಕ ಅಳತೀ ಕಾಶಕ್ಕಾ,” ಎಂದಳು ನಸೀಮಾ, “ನೀ ಮರ್ತಿ ಅಂದ್ರ ಊರಾಗ ಯಾರಿಗರ ಬಂದಿರಬೇಕಲ್ಲ. ಕಟ್ಟಿಗೆ ನಡಿ.”

ಹೌದಲ್ಲ ಎನಿಸಿತು. ಹೊರಗಿನವರ ಹಾಗೆ ಕೋಡಿಗೆ ಕಾಯುತ್ತ ಕೂತಿದ್ದೆನಲ್ಲ, ನನ್ನ ಊರು ನನಗಿಲ್ಲವೇ ಎಂದುಕೊಂಡೆ. ಮಂಗಳವಾರ ಬೆಳಿಗ್ಗೆ ಸೆರಗಿನ ತುದಿಗೆ ಸಕ್ಕರೆ ಕಟ್ಟಿಕೊಂಡು ಎಲ್ಲರಿಗಿಂತ ಮೊದಲೇ ಕಟ್ಟೆ ಹತ್ತಿದೆ. ಜನ ಸೇರಿದ ಮೇಲೆ ಇಂದುಮತಿಯ ವಿಷಯ ಎಲ್ಲ ಹೇಳಿದೆ. ಮುಖ ನೋಡದ ಒಬ್ಬ ಹೆಂಗಸು ನಾಳೆ ನನ್ನ ಮಾತಿಗಾಗಿ ಕಾಯುತ್ತಾಳೆ, ಪಾಸ್‌ವರ್ಡ್ ಯಾರಿಗಾದರೂ ಬಂದಿದ್ದರೆ ದಯವಿಟ್ಟು ಕೊಡಿ ಎಂದೆ.

ಒಬ್ಬ ಟೊಪ್ಪಿಗೆ ತೆಗೆದು ತಲೆ ಕೆರೆದ. ಒಬ್ಬಾಕೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ಬಳೆಗಾರ ರಾಜೇಸಾಬ ಬೇವಿನ ಮರದಲ್ಲಿ ಏನೋ ಹುಡುಕುತ್ತಿರುವವನಂತೆ ಮೇಲೆ ನೋಡಿದ. ಆಗ ನನಗೆ ತಿಳಿಯಿತು, ಎಲ್ಲರ ಹತ್ತಿರವೂ ಯಾರದಾದರೂ ಪಾಸ್‌ವರ್ಡ್ ಇದೆ, ಯಾರೂ ಹೇಳುವ ಹಾಗಿಲ್ಲ.

ಅದಕ್ಕೂ ಒಂದು ಹಿನ್ನೆಲೆಯುಂಟು. ಹೋದ ವರ್ಷ ಹೊರಗಿನಿಂದ ಒಬ್ಬ ಸಾಹೇಬರು ಬಂದು ಶಾಲೆಯ ಅಂಗಳದಲ್ಲಿ ಊರನ್ನೆಲ್ಲ ಕೂರಿಸಿ ಫೋನಿನ ಕಳ್ಳರ ಬಗ್ಗೆ ತಿಳಿಹೇಳಿದ್ದರು. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ಗಂಡ ಹೆಂಡತಿಗೆ ಹೇಳಬಾರದು, ತಾಯಿ ಮಗನಿಗೆ ಹೇಳಬಾರದು ಎಂದು ಎಲ್ಲರಿಂದಲೂ ಕೈಯೆತ್ತಿಸಿ ಆಣೆ ಮಾಡಿಸಿದ್ದರು. ಪಾಪ, ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಊರು ಎಂಥದ್ದೆಂದು ಅವರಿಗೆ ಗೊತ್ತಿರಲಿಲ್ಲ, ನಮಗೂ ಹೇಳಲು ಹೊಳೆಯಲಿಲ್ಲ. ಅಂದಿನಿಂದ ನಮ್ಮವರು ತಮ್ಮ ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳುವುದಿರಲಿ, ತಮ್ಮ ತಲೆಗೆ ಬಂದು ಬಿದ್ದ ಇನ್ನೊಬ್ಬರ ಪಾಸ್‌ವರ್ಡನ್ನೂ ಪ್ರಾಣ ಹೋದರೂ ಬಾಯಿ ಬಿಡದಂತೆ ಕಾಯುತ್ತಿದ್ದರು. ಕೇಳಲು ಬಂದವಳೇ ಒಡತಿ ಎಂದು ಹೇಗೆ ನಂಬುವುದು ಎಂದು ಅವರವರಲ್ಲೇ ಗುಸುಗುಸು ನಡೆಯಿತು.

ಜನ ಕರಗಿದ ಮೇಲೆ ಅಡಿವೆಪ್ಪಜ್ಜ ಕೋಲೂರಿಕೊಂಡು ನನ್ನ ಹತ್ತಿರ ಬಂದ. ಗಿರಣಿಯ ಹಿಟ್ಟು ಅವನ ಹುಬ್ಬಿನ ಮೇಲೆ ಯಾವಾಗಲೂ ಇರುತ್ತದೆ. ಊರಲ್ಲಿ ಅವನಷ್ಟು ನೆಟ್ಟಗಿನ ಮನುಷ್ಯ ಇನ್ನೊಬ್ಬನಿಲ್ಲ. ಕಟ್ಟೆಯ ಮೇಲೆ ಕೂತು, ಕೋಲನ್ನು ಮೊಣಕಾಲ ನಡುವೆ ನಿಲ್ಲಿಸಿ ಹೇಳಿದ.

“ಸುಗ್ಗ್ಯಾಗ ಒಂದು ಬಂದಿತ್ತು, ತಂಗಿ. ಫೋನಿಂದು, ಫೋಟೋ ಹಾಕೂ ಖಾತೆದು ಅಂತ ತಿಳಿತು. ಕೌದಿ ಅಂತ ಏನೋ ವಾಸನೀನೂ ಇತ್ತು. ಮಂದೀದು ನಮಗ ಯಾಕ ಅಂತ ಅದರ ಮ್ಯಾಲೆ ಮಗ್ಗಿ ಹೇಳಿ ಹೇಳಿ ಮರ್ತಬಿಟ್ಟೆ. ಮನಷ್ಯಾಗ ಆಸಿ ಹುಟ್ಟಬಾರದು ನೋಡು, ಅದಕ್ಕ. ಛಲೋ ಕೆಲಸ ಮಾಡೇನಿ ಅಂತ ತಿಳಕೊಂಡಿದ್ದೆ.”

ಅವನ ಮೇಲೆ ಸಿಟ್ಟು ಮಾಡಲು ನನಗೆ ಮನಸ್ಸೇ ಬರಲಿಲ್ಲ. ಯಾರದೋ ಬೀಗದ ಕೈ ತನ್ನ ಬಳಿ ಇರಬಾರದೆಂದು ವಯಸ್ಸಾದ ಜೀವ ಕೂತು ಹದಿನೇಳರ ಮಗ್ಗಿ ಹೇಳಿಕೊಂಡಿದೆ ಎಂದರೆ ಅಂಥ ಊರಲ್ಲಿ ನಾನು ಹುಟ್ಟಿದ್ದು ಪುಣ್ಯವೆಂದೇ ಎನಿಸಿತು. ಅವನ ಕೈಗೂ ಒಂದು ಚಿಟಿಕೆ ಸಕ್ಕರೆ ಹಾಕಿದೆ. ಏನೂ ಕೊಡಲಿಲ್ಲವಲ್ಲ ತಂಗಿ ಎಂದ. ಇರಲಿ ತಿನ್ನು ಎಂದೆ. ಆದರೆ ಮನೆಯತ್ತ ನಡೆಯುವಾಗ ಒಂದೇ ಚಿಂತೆಯಿತ್ತು. ಅಜ್ಜ ಮರೆತದ್ದು ಮತ್ಯಾರಿಗೆ ಹೋಯಿತೋ. ಅವರೂ ಅವನಂತೆಯೇ ನೆಟ್ಟಗಿನವರಾಗಿದ್ದರೆ ಅವರೂ ಮರೆತಿರುತ್ತಾರೆ. ಒಬ್ಬರಿಂದೊಬ್ಬರಿಗೆ ಹೀಗೇ ದಾಟುತ್ತ ಅದು ಊರೆಲ್ಲ ತಿರುಗುತ್ತಿರಬಹುದು, ಒಳ್ಳೆಯವರ ಕೈಯಿಂದ ಒಳ್ಳೆಯವರ ಕೈಗೆ. ಅಷ್ಟರಲ್ಲಿ ಇಂದುಮತಿ ಫೋನ್ ಕೊಟ್ಟು ಒಳಗೆ ಹೋಗಿರುತ್ತಾಳೆ, ಕಾಶವ್ವನಿಗೆ ಒಂದು ಸಾಲು ಬರೆಯಲೂ ಬಿಡುವಾಗಲಿಲ್ಲ ಎಂದುಕೊಂಡು.

ಬುಧವಾರ ಬೆಳಕು ಹರಿಯುವ ಹೊತ್ತಿಗೆ ನಾನು ಅಂಗಳ ಗುಡಿಸುತ್ತಿದ್ದೆ. ಗುಡಿಸಿದ್ದನ್ನೇ ಗುಡಿಸುತ್ತಿದ್ದೆ ಎನ್ನಿ. ಗೇಟಿನ ಚಿಲಕದ ಸದ್ದಾಯಿತು. ನೋಡಿದರೆ ಫಕೀರವ್ವ. ವರ್ಷದ ಮೇಲೆ ನನ್ನ ಅಂಗಳಕ್ಕೆ ಕಾಲಿಟ್ಟಿದ್ದಳು. ತಲೆ ಬಾಚಿರಲಿಲ್ಲ, ಕಣ್ಣು ಊದಿಕೊಂಡಿದ್ದವು. ನನ್ನ ಮುಖ ನೋಡದೆ ಪೊರಕೆಯನ್ನು ನೋಡುತ್ತ, ಸಕ್ಕರೆ ಇದೆಯೇ ಎಂದು ಕೇಳಿದಳು.

ನನ್ನ ಕೈಯಿಂದ ಪೊರಕೆ ಬಿತ್ತು. ನಿನ್ನ ಹತ್ತಿರ ಇದೆಯೇ ಎಂದೆ. ಯುಗಾದಿಯ ಮರುದಿನವೇ ಬಂತೆಂದಳು. ಇಷ್ಟು ತಿಂಗಳು ಇಟ್ಟುಕೊಂಡಿದ್ದೆಯಾ ಎಂದು ಕೇಳಿಯೇಬಿಟ್ಟೆ, ದನಿ ಸ್ವಲ್ಪ ಏರಿತ್ತು. ಅದಕ್ಕವಳು ಮೊದಲ ಬಾರಿಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟಳು.

“ನಿನ್ನ ಮ್ಯಾಲಿನ ಸಿಟ್ಟಿಗೆ ಇಟ್ಟಕೊಂಡಿದ್ದಲ್ಲ. ಸಾಹೇಬ್ರು ಹೇಳಬ್ಯಾಡ ಅಂದಿದ್ದು ಒಂದು ನೆವ ಅಷ್ಟ. ಅದು ನೀ ನನಗ ಇಟ್ಟ ಹೆಸರು. ಬಂದ ಗಳಿಗ್ಯಾಗ ನಿಂದು ಅಂತ ಗೊತ್ತಾತು, ಆ ಹೆಸರ್ಲೆ ನನ್ನ ಕರಿಯಾಕಿ ನೀ ಒಬ್ಬಾಕಿ. ನೀ ಅಂತೂ ಮರ್ತಿ. ನಾನೂ ಕೊಟ್ಟಬಿಟ್ರ ನನ್ನ ಹತ್ರನೂ ಉಳ್ಯಂಗಿಲ್ಲ. ಮಾತಂತೂ ಹೋತು, ಹೆಸರರ ಇರಲಿ ಅಂತ ಹಿಡಕೊಂಡು ಕುಂತಿದ್ದೆ. ರೊಟ್ಟಿ ಬಡಿಯೂವಾಗ, ಅರಿವಿ ಒಗಿಯೂವಾಗ, ಮರಿಬಾರದು ಅಂತ ಅನಕೋತಿದ್ದೆ.”

ನಾನು ಅವಳಿಗೆ ಹೆಸರಿಟ್ಟಿದ್ದೆ ಎಂಬುದೇ ನನಗೆ ನೆನಪಿರಲಿಲ್ಲ. ಕರೆಯುವುದು ಬಿಟ್ಟೆ, ಹೆಸರು ನನ್ನನ್ನು ಬಿಟ್ಟುಹೋಯಿತು, ಅದರ ಹಿಂದೆ ಫೋನಿನ ಬೀಗವೂ ಹೋಯಿತು. ಊರಿಗೆಲ್ಲ ಮರೆಯುವುದು ಸುಲಭವಾಗಿದ್ದ ಮಾತನ್ನು ಇವಳೊಬ್ಬಳು ಒಲೆಯ ಮುಂದೆ ಕೂತು ಕಾಯ್ದಿದ್ದಳು. ಅಡಿವೆಪ್ಪಜ್ಜನ ನೆಟ್ಟಗಿನ ಬಾಳು ದೊಡ್ಡದೇ, ಆದರೆ ಆ ಹೊತ್ತಿನಲ್ಲಿ ನನಗೆ ಇವಳ ಮೊಂಡುತನ ಅದಕ್ಕಿಂತ ದೊಡ್ಡದಾಗಿ ಕಂಡಿತು. ಕೊಡಬೇಡ, ಇಟ್ಟುಕೋ ಎಂದು ಬಾಯಿಗೆ ಬಂದಿತ್ತು. ಅವಳೇ ತಡೆದಳು.

“ನಿನ್ನೆ ಕಟ್ಟಿ ಮ್ಯಾಲೆ ನೀ ಆಕಿ ಸುದ್ದಿ ಹೇಳಿದಿ. ಆಮ್ಯಾಲೆ ನನಗ ಕಣ್ಣು ಹತ್ತಲಿಲ್ಲ,” ಎಂದಳು. “ಜಲ್ದಿ ಸಕ್ರಿ ತಾ.”

ಸಕ್ಕರೆ ಡಬ್ಬಿಯನ್ನೇ ತಂದೆ. ಅವಳ ಅಂಗೈಗೆ ಸುರಿಯುವಾಗ ಅರ್ಧ ಕೆಳಗೆ ಚೆಲ್ಲಿತು. ಅವಳು ನನ್ನ ಕಿವಿಗೆ ಬಾಯಿಟ್ಟು ಹೇಳಿದಳು: ಬಿಕ್ಕವ್ವ ನಕ್ಕಳು, ಒಂದು ಎರಡು ಮೂರು. ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ.

ಒಮ್ಮೆಗೇ ಎಲ್ಲ ಬಂತು. ನಗಲು ಶುರುಮಾಡಿದರೆ ಬಿಕ್ಕಳಿಕೆ ಹತ್ತಿ ಮಾತೇ ಹೊರಡದೆ ಒದ್ದಾಡುವ ಈ ಹೆಂಗಸಿಗೆ ನಾನು ಬಿಕ್ಕವ್ವ ಎಂದು ಹೆಸರಿಟ್ಟಿದ್ದು, ನಡುಗೋಡೆಯ ಮೇಲಿಂದ ದಿನಕ್ಕೆ ಹತ್ತು ಸಲ ಹಾಗೆ ಕರೆದದ್ದು, ನಸೀಮಾಳ ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆಯ ಗುಟ್ಟು ಯಾವುದಿದೆ ಎಂದು ಅದನ್ನೇ ಒತ್ತಿ ನಕ್ಕದ್ದು. ಅವಳನ್ನು ತಬ್ಬಿಕೊಳ್ಳೋಣವೆಂದು ತಿರುಗಿದೆ. ಫಕೀರವ್ವ ಅಂಗೈಯ ಸಕ್ಕರೆಯನ್ನು ನೋಡುತ್ತ ನಿಂತಿದ್ದಳು. ಏನೋ ತಂದುಕೊಟ್ಟೆ ಎಂಬುದು ಗೊತ್ತು, ಏನೆಂಬುದು ಹೋಗಿತ್ತು. ಸುತ್ತ ನನ್ನ ಅಂಗಳ, ಎದುರಿಗೆ ನಾನು. ಅವಳ ಮುಖ ಬಿಗಿಯಾಯಿತು, ತಾನಿನ್ನು ಹೊರಟೆ ಎಂದಳು.

ಕೂತುಕೋ, ಇನ್ನೂ ಕೆಲಸ ಇದೆ ಎಂದು ಅವಳ ರಟ್ಟೆ ಹಿಡಿದು ಪಡಸಾಲೆಗೆ ಎಳೆದೆ. ಅವಳು ಬಾಗಿಲ ಪಕ್ಕ ಕೂತಳು, ಒಂದು ಕಾಲು ಹೊಸ್ತಿಲ ಹೊರಗೇ ಇತ್ತು.

ಅವಸರದಲ್ಲಿ ಎರಡು ಸಲ ತಪ್ಪಾಯಿತು. ಮೂರನೆಯ ಸಲ ಖಾತೆ ತೆರೆಯಿತು. ಕೌದಿಗಳ ಫೋಟೋಗಳು ಒಂದರ ಹಿಂದೊಂದು ಬಂದವು, ಆಮೇಲೆ ಇಂದುಮತಿಯ ಸಾಲುಗಳು. ಇದ್ದೀಯಾ. ಕೆಲಸವಿರಬೇಕು, ಇರಲಿ. ರಾತ್ರಿ ನಿದ್ದೆ ಬರಲಿಲ್ಲ. ಆಸ್ಪತ್ರೆಯ ಹೊದಿಕೆ ನೋಡಿದರೆ ನಿನಗೆ ನಗು ಬರುತ್ತದೆ, ಹೊಲಿಗೆಯೇ ಇಲ್ಲ. ಕೊನೆಯದು ಈಗಷ್ಟೇ ಬಂದದ್ದು: ಇನ್ನು ಸ್ವಲ್ಪ ಹೊತ್ತಿಗೆ ಕರೆದುಕೊಂಡು ಹೋಗುತ್ತಾರೆ, ನಿನಗೇನೋ ತೊಂದರೆಯಾಗಿರಬೇಕು, ನೀನು ಹುಷಾರಾಗಿರು.

ತಾನೇ ಕತ್ತಿಯ ಕೆಳಗೆ ಮಲಗಲು ಹೊರಟವಳು ನನಗೆ ಹುಷಾರು ಹೇಳುತ್ತಿದ್ದಳು. ಹೆದರಬೇಡ, ಏನೂ ಆಗುವುದಿಲ್ಲ, ದೇವರಿದ್ದಾನೆ ಎಂದು ಬರೆದೆ, ಅಳಿಸಿದೆ. ಮತ್ತೆ ಅದನ್ನೇ ಬರೆದೆ. ಬಾಗಿಲ ಪಕ್ಕದಿಂದ ಫಕೀರವ್ವ ಅದೇನು ಬರೆಯುತ್ತಿದ್ದೀ ಎಂದು ಕೇಳಿದಳು. ಓದಿ ಹೇಳಿದೆ. ಅವಳು ಹೊಸ್ತಿಲ ಹೊರಗಿದ್ದ ಕಾಲನ್ನು ಒಳಗೆ ತೆಗೆದುಕೊಂಡಳು.

“ಅದನ್ನ ಎಲ್ಲಾರೂ ಅಂದಿರತಾರ,” ಎಂದಳು. “ಎದ್ದ ಮ್ಯಾಲೆ ಆಕಿಗೆ ಏನ ಕೆಲಸ ಐತಿ, ಅದನ್ನ ಹೇಳು. ಕೆಲಸ ಬಾಕಿ ಇದ್ರ ಮನಷ್ಯಾ ಎದ್ದ ಬರತಾನ.”

ವರ್ಷಗಳ ಹಿಂದೆ ಗಂಡ ತೀರಿಕೊಂಡು ಅವಳು ಇದೇ ಪಡಸಾಲೆಯಲ್ಲಿ ಊಟ ಬಿಟ್ಟು ಮಲಗಿದ್ದಾಗ ಯಾರು ಏನು ಹೇಳಿದರೋ, ಯಾವ ಮಾತು ಅವಳನ್ನು ಎಬ್ಬಿಸಿತೋ ನನಗೆ ಗೊತ್ತಿಲ್ಲ. ಅವಳು ಹೇಳಿದ್ದು ಮಾತ್ರ ಸರಿ ಎನಿಸಿತು. ಮಗ್ಗುಲಲ್ಲಿ ಬಿದ್ದಿದ್ದ ಅರ್ಧ ಕೌದಿಯ ಫೋಟೋ ತೆಗೆದೆ. ಅದರ ಕೆಳಗೆ ಬರೆದೆ: “ಫೋನು ಬಾವಿಗೆ ಬಿದ್ದಿತ್ತು, ಈಗ ಬೇರೆ ಫೋನು ಸಿಕ್ಕಿದೆ. ನಡುವಿನ ಚೌಕ ಮುಗಿಯಿತು. ಮೂಲೆಗಳಿಗೆ ಯಾವ ಬಣ್ಣವೆಂದು ನನಗೆ ತಿಳಿಯುತ್ತಿಲ್ಲ. ನೀನು ಎದ್ದು ಹೇಳಬೇಕು. ಹೇಳುವವರೆಗೆ ಸೂಜಿ ಮುಟ್ಟುವುದಿಲ್ಲ.” ಫಕೀರವ್ವನಿಗೆ ಓದಿ ತೋರಿಸಿದೆ, ಅವಳು ತಲೆಯಾಡಿಸಿದಳು, ಕಳಿಸಿದೆ.

ಇಬ್ಬರೂ ಫೋನನ್ನು ನೆಲದ ಮೇಲಿಟ್ಟು ಎದುರುಬದುರು ಕೂತೆವು. ಚಹಾ ಮಾಡಲೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಆ ಸಾಲಿನ ಕೆಳಗೆ ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಓದಿಕೊಂಡು ಹೋದಳು, ಅಷ್ಟು ಸಾಕು ಎಂದು ನಾನು ಕಣ್ಣೊರೆಸಿಕೊಂಡೆ. ಫಕೀರವ್ವ ಎದ್ದು ಸೀರೆ ಕೊಡವಿ, ಏನಾಯಿತೆಂದು ತಿಳಿಸು ಎಂದಷ್ಟೇ ಹೇಳಿ ಹೊರಟಳು. ಪಾತ್ರೆಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ದಿನ ಹೇಗೆ ಕಳೆಯಿತೆಂದು ಹೇಳಲಾರೆ. ನಸೀಮಾ ಅಂಗಡಿ ಬಿಟ್ಟು ಎರಡು ಸಲ ಬಂದು ಹೋದಳು. ಅಡಿವೆಪ್ಪಜ್ಜ ಗಿರಣಿಯಿಂದ ಜೋಳದ ಹಿಟ್ಟು ಕಳಿಸಿ, ಅಡುಗೆ ಮಾಡಿಕೊಳ್ಳಲು ಮನಸ್ಸಿಲ್ಲದಿದ್ದರೂ ಗಂಜಿಯಾದರೂ ಕುಡಿ ಎಂದು ಹೇಳಿಸಿದ. ರಾಜೇಸಾಬ ನಮ್ಮ ಓಣಿಗೆ ಬಂದಾಗ ಬಳೆಯ ಕೂಗು ಹಾಕದೆ ಮೆತ್ತಗೆ ದಾಟಿಹೋದ. ಸಂಜೆಗೆ ಊರಿನ ಅರ್ಧ ಜನಕ್ಕೆ ಇಂದುಮತಿ ಎಂಬ ಹೆಸರು ತಿಳಿದಿತ್ತು. ಕಾಣದ ಊರಿನ ಕಾಣದ ಹೆಂಗಸಿಗಾಗಿ ಇಷ್ಟು ಮನೆಗಳಲ್ಲಿ ದೀಪ ಹಚ್ಚುವಾಗ ಒಂದು ಮಾತು ಬಂದಿತೆಂದರೆ, ಈ ಊರಿಗೆ ನಾನು ಎಷ್ಟು ಸಲ ಕೈ ಮುಗಿದರೂ ಸಾಲದು.

ಮರುದಿನ ಮಧ್ಯಾಹ್ನ ಫೋನು ಸದ್ದು ಮಾಡಿತು. ಇಂದುಮತಿಯದೇ. ಒಂದೇ ಒಂದು ಶಬ್ದ ಬರೆದಿದ್ದಳು, ಅದೂ ಒಂದು ಅಕ್ಷರ ತಪ್ಪಾಗಿ, ಮಂಪರಿನಲ್ಲಿ ಒತ್ತಿದವರ ಹಾಗೆ. ಕೆಂಪು.

ನಾನು ಫೋನ್ ಹಿಡಿದುಕೊಂಡೇ ಹಿತ್ತಲಿಗೆ ಓಡಿದೆ. ನಡುಗೋಡೆಯ ಆಚೆ ಫಕೀರವ್ವ ಮೆಣಸಿನಕಾಯಿ ಒಣಹಾಕುತ್ತಿದ್ದಳು, ಬೆನ್ನು ನನ್ನ ಕಡೆಗಿತ್ತು. ಬಿಕ್ಕವ್ವಾ ಎಂದು ಕೂಗಿದೆ. ವರ್ಷದ ನಂತರ ಬಾಯಿಗೆ ಬಂದ ಹೆಸರು ಆ ಹಳೆಯ ಸಲಿಗೆಯಲ್ಲೇ ಹೊರಟಿತು. ಅವಳು ತಿರುಗಲಿಲ್ಲ. ಬಿಕ್ಕವ್ವಾ, ಎದ್ದಳಂತೆ, ಕೆಂಪು ಹಾಕು ಎಂದಿದ್ದಾಳೆ ಎಂದು ಇನ್ನೂ ಗಟ್ಟಿಯಾಗಿ ಕೂಗಿದೆ. ಈಗ ತಿರುಗಿದಳು. ಎದ್ದಳೆಂಬ ಸುದ್ದಿಗೆ ಮುಖ ಅರಳಿತು, ಕೂಡಲೇ ಹುಬ್ಬು ಗಂಟಾಯಿತು. ಹಿಂದೆ ಯಾರಾದರೂ ಇದ್ದಾರೇನೋ ಎಂದು ತನ್ನ ಹಿತ್ತಲನ್ನೆಲ್ಲ ನೋಡಿದಳು.

“ಯಾರನ್ನ ಕರಿಯಾಕತ್ತೀ?” ಎಂದಳು.

“ನಿನ್ನನ್ನ,” ಎಂದೆ. “ಇದು ನಿನ್ನ ಹೆಸರು. ನನ್ನ ಹತ್ರ ಇತ್ತು.”

ಅವಳು ಮೆಣಸಿನಕಾಯಿಯ ಕೈಯನ್ನು ಸೀರೆಗೆ ಒರೆಸಿಕೊಂಡು ಗೋಡೆಯ ತನಕ ಬಂದಳು. ಎರಡೂ ಕೈ ಗೋಡೆಯ ಮೇಲಿಟ್ಟು, ಹೊಸದೇನನ್ನೋ ಕಲಿಯಲು ಕೂತವಳ ಹಾಗೆ ನನ್ನ ಬಾಯನ್ನೇ ನೋಡುತ್ತ ನಿಂತಳು.

“ಇನ್ನೊಮ್ಮೆ ಕರಿ,” ಎಂದಳು.